ಏಳನೆಯದರ ಮೊದಲ ಸಾಲು

ದಾವಣಗೆರೆ ಎಪಿಎಂಸಿಯ ಹಿಂದಿನ ಗೇಟು,
ವೇಬ್ರಿಡ್ಜಿನ ತಗಡಿನ ಕೋಣೆ, ರಾತ್ರಿ ಪಾಳಿ ನನ್ನದು.
ಬರುವಾಗ ತುಂಬಿದ ತೂಕ,
ಹೋಗುವಾಗ ಖಾಲಿ ತೂಕ,
ಕಳೆದರೆ ಮೆಕ್ಕೆಜೋಳ.
ನಡುವೆ ಸಿಕ್ಕ ಹೊತ್ತಿನಲ್ಲಿ
ರದ್ದಾದ ಚೀಟಿಗಳ ಬೆನ್ನಿಗೆ ನನ್ನ ಕಾದಂಬರಿ.

ಆರು ಅಧ್ಯಾಯ ಹೇಗೋ ದಾಟಿದೆ.
ಏಳನೆಯದು ಹೊಸ್ತಿಲಲ್ಲೇ ನಿಂತಿದೆ,
ಚಪ್ಪಲಿ ಬಿಡಲೋ ಬೇಡವೋ ಎನ್ನುವ ನೆಂಟನ ಹಾಗೆ.

'ಬೆಳಗಾಯಿತು' ಎಂದು ಬರೆದೆ.
ಆಗದೆ ಏನು? ಹೊಡೆದುಹಾಕಿದೆ.
'ಮೂರು ವರ್ಷ ಕಳೆದವು' ಎಂದೆ.
ಕಳೆದವು, ಸರಿ. ಅಷ್ಟೂ ದಿನ ನನ್ನ ಹಾಲಮ್ಮ
ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ
ಜರಡಿ ಎತ್ತಿದ ಕೈ ಎತ್ತಿದಂತೆಯೇ
ನನಗಾಗಿ ಕಾದು ಕೂತಿದ್ದಳೇ?
'ಬದುಕೆಂದರೆ' ಎಂದು ಶುರು ಮಾಡಿ
ನನಗೇ ನಾಚಿಕೆಯಾಗಿ
ಆ ಚೀಟಿಯನ್ನು ಟೀ ಲೋಟದ ಅಡಿಗಿಟ್ಟೆ.

ಹಮಾಲಿ ಕೊಟ್ರಪ್ಪನ ಕಥೆಗೆ ಶುರು ಎಂಬುದೇ ಇಲ್ಲ.
'ಅವ ಅದನ್ನ ಅಲ್ಲೇ ಬಿಟ್ಟು ಬಂದಿದ್ನಲ್ಲ...' ಎನ್ನುತ್ತಾನೆ.
ಯಾವನು, ಏನನ್ನು, ಎಲ್ಲಿ?
ಮೂಟೆ ಹೊತ್ತವರು ಹೊತ್ತಂತೆಯೇ ನಿಂತು ಕಿವಿ ಕೊಡುತ್ತಾರೆ.
ಕದ್ದು ಬರೆದು ನೋಡಿದೆ.
ನನ್ನ ಕಾಗದದ ಮೇಲೆ 'ಅವ' ಬರೀ ಎರಡಕ್ಷರ.
ಕೊಟ್ರಪ್ಪನ ಹುಬ್ಬು ಎಲ್ಲಿಂದ ತರಲಿ?

ಎರಡೂವರೆಗೆ ಜಗಳೂರು ಕಡೆಯ ಲಾರಿ,
ಇಳಿಸಿ ವಾಪಸ್ಸು ಹೊರಟಿದ್ದು.
ಖಾಲಿ ಎಂದು ನಾನು ಬರೆಯುವ ಗಾಡಿ
ಎಂದೂ ಖಾಲಿ ಇರುವುದಿಲ್ಲ:
ಸ್ಟೆಪ್ನಿ, ನೀರಿನ ಕ್ಯಾನು, ಮಡಿಚಿದ ತಾಡಪಾಲು,
ಬಾಯಿ ತೆರೆದು ನಿದ್ದೆ ಹೋದ ಕ್ಲೀನರ್ ಹುಡುಗ,
ಹಲಗೆ ಸಂದಿಯಲ್ಲಿ ಯಾವ ಊರಿನದೋ ನಾಲ್ಕು ಕಾಳು.
ಡ್ರೈವರ್ ಮೌಲಾಸಾಬ್ ಕಿಟಕಿಯಿಂದ ಬಾಗಿ,
'ಅಕ್ಕಾರ, ಹೋದ ಸಲದ ಚೀಟಿ ಇನ್ನೂ ಜೇಬ್ನಾಗೇ ಐತ್ರಿ.
ತೋಯ್ದು ಅಂಕಿ ಅಳಿಸ್ಯಾವು. ಬ್ಯಾರೆ ಕೊಡ್ತೀರೇನು?'

ಕಾರ್ಬನ್ ಪ್ರತಿ ಹುಡುಕಿ ಕೊಟ್ಟೆ.
ತಿರುವಿ ನೋಡಿದ. 'ಹಿಂದ ಏನೋ ಬರ್ದೈತಿ. ಹಾಲಮ್ಮ ಯಾರ್ರಿ?'
'ನಮ್ಮ ಸಂಬಂಧದೋರು,' ಎಂದೆ.
'ಆರಾಮ ಅದಾರ?'
ಏನು ಹೇಳುವುದು. 'ನೋಡಬೇಕು,' ಎಂದೆ.

ಧೂಳು ಇಳಿದ ಮೇಲೆ ಬರೆದೆ:
'ಚೀಟಿ ಇನ್ನೂ ಹಾಲಮ್ಮನ ಸೆರಗಿನ ಗಂಟಿನಲ್ಲೇ ಇತ್ತು;
ಅಂಕಿ ಮಾತ್ರ ಇರಲಿಲ್ಲ.'

ಹೊಡೆದುಹಾಕಲು ಪೆನ್ನು ಎತ್ತಿದೆ. ಎತ್ತಿ ಇಳಿಸಿದೆ.
ಯಾವ ಚೀಟಿ, ಯಾರು ಕೊಟ್ಟಿದ್ದು, ನನಗೂ ಗೊತ್ತಿಲ್ಲ.
ಹಿಂದಿನ ಆರು ಅಧ್ಯಾಯದಲ್ಲಿ ಎಲ್ಲೂ ಚೀಟಿಯೇ ಇಲ್ಲ.
ಬೆಳಗಾಗುವುದರೊಳಗೆ ವಾಪಸ್ಸು ಹೋಗಿ
ಅವಳು ನೋಡದಂತೆ
ಒಂದು ಗಂಟು ಹಾಕಿ ಬರಬೇಕು.