ಎಂಟನೆಯ ಕಂಬ

ಲೋಕೋಪಯೋಗಿ ಇಲಾಖೆಯ ಟೇಪು ಹಿಡಿದು
ಮಡಿಕೇರಿಯ ಈ ಪಾರ್ಕಿಗೆ ಬಂದವಳು ನಾನು,
ಬ್ಯಾಂಡ್‌ಸ್ಟ್ಯಾಂಡ್ ರಿಪೇರಿಗೆ ಅಂದಾಜುಪಟ್ಟಿ ಬರೆಯಲು.
ಎಂಟು ಮೂಲೆ, ಎಂಟು ಕಂಬ,
ಮೇಲೆ ಸತುವಿನ ಕೊಡೆ, ಕೊಡೆಯ ತುದಿಗೆ
ಕೊಕ್ಕು ಮುರಿದ ಗಾಳಿಕೋಳಿ.
ಸೂರಿನ ಅಂಚಿಗೆ ಕಬ್ಬಿಣದ ಕಸೂತಿ.
ಯಾವ ದೇಶದ ಎಲೆಯೋ,
ಇಲ್ಲಿನ ಒಂದು ಮರವೂ ತನ್ನದೆಂದು ಒಪ್ಪಿಲ್ಲ.

ನೆಲ ಹಲಗೆಯದು. ಕಾಲಿಟ್ಟರೆ ಕೆಳಗಿನ ಪೊಳ್ಳು ಮಾತಾಡುತ್ತದೆ.
ಬೇಕೆಂದೇ ಬಿಟ್ಟ ಪೊಳ್ಳು: ತುತ್ತೂರಿಯ ಸದ್ದು ಬಿದ್ದು, ಎದ್ದು,
ದೊರೆಗಳ ಕುರ್ಚಿಯ ತನಕ ನಡೆಯಲೆಂದು.
ಈಗ ಅಲ್ಲಿ ಮಾಲಿಯ ಪೊರಕೆ, ಎರಡು ಗೊಬ್ಬರದ ಚೀಲ,
ಮರಿ ಹಾಕಿದ ಬೆಕ್ಕು.

ಕಂಬಗಳೂ ಪೊಳ್ಳು. ಮಾಡಿನ ನೀರು
ಒಳಗಿಂದೊಳಗೇ ಇಳಿದು ಚರಂಡಿ ಸೇರುವ ಹಾಗೆ
ಎರಕ ಹೊಯ್ದವನ ಜಾಣತನ.
ಕಕ್ಕಡ ತಿಂಗಳೆಂದರೆ ಏನೆಂದು
ಅವನಿಗೆ ಯಾರೂ ಹೇಳಿರಲಾರರು.

ಬೆರಳ ಗೆಣ್ಣಿನಿಂದ ಬಡಿದೆ.
ಒಂದು, ಠಣ್. ಎರಡು, ಠಣ್.
ಏಳರವರೆಗೂ ಒಂದೇ ಮನೆತನದ ದನಿ.
ಎಂಟನೆಯದು ದೊಪ್ ಎಂದಿತು.
'ಕಟ್ಟಿಕೊಂಡಿದೆ' ಎಂದು ಬರೆದುಕೊಂಡೆ.

ಕಟ್ಟೆಯ ಮೇಲೆ ಬುಟ್ಟಿ ಹೆಣೆಯುತ್ತಿದ್ದ ಮೇದರ ಬೊಳ್ಳಜ್ಜ
ಬಿದಿರ ಸೀಳು ಹಲ್ಲಲ್ಲಿ ಕಚ್ಚಿಕೊಂಡೇ ನಕ್ಕ:
"ಅದು ಕಬ್ಬಿಣ ಅಲ್ಲ ಅವ್ವಾ. ಹೊನ್ನೆ."

ತಲಚೇರಿಯಲ್ಲಿ ಹಡಗಿನಿಂದ ಇಳಿದದ್ದು ಎಂಟೇ.
ರಾಣಿಯ ಜುಬಿಲಿಯ ವರ್ಷ. ಎಂಟು ಗಾಡಿ, ಹದಿನಾರು ಎತ್ತು.
ಪೆರುಂಬಾಡಿಯ ತಿರುವಿನಲ್ಲಿ ಒಂದು ಗಾಡಿ ಕಣಿವೆಗೆ ಜಾರಿತು.
ಐತನೆಂಬವನು ಹಗ್ಗ ಕೊಯ್ದ; ಎತ್ತು ಉಳಿದವು, ಕಂಬ ಹೋಯಿತು.
ಐತನಿಗೆ ಹನ್ನೆರಡು ಛಡಿಯೇಟು.
ಉದ್ಘಾಟನೆಗೆ ಇನ್ನು ಹತ್ತೊಂಬತ್ತು ದಿನ ಇತ್ತು.
ಐರಿ ಮುದ್ದ ಹೊನ್ನೆಯ ದಿಮ್ಮಿ ಉರುಳಿಸಿಕೊಂಡು ಬಂದು
ಬಳ್ಳಿಗೆ ಬಳ್ಳಿ, ಎಲೆಗೆ ಎಲೆ ಕೊರೆದ,
ಬುಡದಲ್ಲಿ ಕಾರ್ಖಾನೆಯ ಹೆಸರನ್ನೂ.
ಮೇಲೆ ಹಸಿರು ಬಣ್ಣ.
ದೊರೆ ಬಂದ, ಬ್ಯಾಂಡ್ ಮಾಸ್ಟರ್ ಲಾಜರಸ್ ಕೋಲೆತ್ತಿದ,
ಯಾರಿಗೂ ತಿಳಿಯಲಿಲ್ಲ.

ಗಟ್ಟಿ ಮರಕ್ಕೆ ನೀರು ಇಳಿಸಲು ಬಾರದು.
ಆ ಮೂಲೆ ಅಂದಿನಿಂದಲೂ ಸೋರುತ್ತದೆ.
ಅಲ್ಲಿ ಕುರ್ಚಿ ಹಾಕುತ್ತಿರಲಿಲ್ಲ; ಹಾಗಾಗಿ
ಮೆಟ್ಟಿಲು ಹತ್ತಲು ಅಪ್ಪಣೆಯಿಲ್ಲದ ನಮ್ಮವರು
ನಿಂತು ಕೇಳುತ್ತಿದ್ದದ್ದು ಅಲ್ಲೇ, ಎಂದ.
ಅವನ ಅಜ್ಜ ಬೆನ್ನ ಹಿಂದೆ ಕೈ ಕಟ್ಟಿ
ಮಟ್ಟುಗಳನ್ನು ಬೆರಳಲ್ಲೇ ಎಣಿಸಿ ಒಯ್ದು
ಪುತ್ತರಿಗೆ ಪರೆಯ ಮೇಲೆ ಬಾರಿಸಿದನಂತೆ.
ಒಂದು ಮದುವೆಯಲ್ಲಂತೂ ಹೆಣ್ಣು ಮನೆ ಹೊಕ್ಕದ್ದೇ
ಪಲ್ಟನ್ನಿನ ಮಾರ್ಚಿಗೆ.

ಕೂತು ಬುಡ ಸವರಿದೆ. ಎಷ್ಟು ಪದರ ಬಣ್ಣ!
ಉಗುರಿಗೆ ಅಕ್ಷರ ಸಿಕ್ಕಿತು. ಒಂದು ಎಸ್ ತಿರುಗಿ ನಿಂತಿದೆ,
ಓದು ಬಾರದ ಉಳಿ ಹೆಸರನ್ನು ಕನ್ನಡಿಯ ಕಡೆಯಿಂದ ಕಂಡಂತೆ.
ಏಳು ಕಂಬಗಳ ಬುಡಕ್ಕೆ ತುಕ್ಕು ಹಿಡಿದು ಬೆರಳು ತೂರುತ್ತದೆ.
ಇದಕ್ಕೆ ಸ್ಕ್ರೂಡ್ರೈವರ್ ಚುಚ್ಚಿದೆ. ಇಳಿಯಲಿಲ್ಲ.

ಹಳೆಯ ಕಡತದಲ್ಲಿದೆ: 'ಎರಕದ ಕಬ್ಬಿಣದ ಕಂಬ, ಎಂಟು.'
ಹೊಡೆದುಹಾಕಿ ಏಳು ಎಂದು ತಿದ್ದಿದೆ.
ಎಂಟನೆಯದರ ಮುಂದೆ ಏನು ಬರೆಯಲಿ,
ಸೋರಿಕೆ ನಿಲ್ಲಿಸಬೇಕು ಎಂದೇ?

ಅಷ್ಟರಲ್ಲಿ ಹನಿ ಶುರುವಾಯಿತು.
ಬೊಳ್ಳಜ್ಜ ಬುಟ್ಟಿ ಎತ್ತಿಕೊಂಡ,
ಮೆಟ್ಟಿಲು ಎದುರಿಗೇ ಇತ್ತು,
ಅವನು ಸುತ್ತು ಹಾಕಿ
ಆ ಮೂಲೆಗೇ ಹೋಗಿ ನಿಂತ.