ಹುಳಿ ಅರಿವಿ

ಮೋಟರ್‌ಸೈಕಲ್ ಬಿದ್ದು ಕಾಲ ಮುರಕೊಂಡ ವರ್ಷ
ಮಾಗಿ ಪೂರಾ ಹೊಲದ ಮನ್ಯಾಗ ಕುಂತೆ,
ಡೋಣಿ ದಂಡಿಮ್ಯಾಲೆ, ತಾಳಿಕೋಟಿ ರಸ್ತೆ ಬಿಟ್ಟು ಒಳಗ.
ಕಾಲಿಗೆ ಪಟ್ಟಿ, ಕೈಗೆ ಕೆಲಸ ಇಲ್ಲ,
ಕಣ್ಣಿಗಷ್ಟ ದುಡಿಮಿ.

ಕಿಡಕಿ ಮುಂದ ಕಡ್ಲಿ, ಕಡ್ಲಿ ಆಚಿ ಬಿಳಿಜೋಳ,
ಜೋಳದಾಚಿ ಚಿಗರಿ.
ಹನ್ನೊಂದು ಹೆಣ್ಣು, ಒಂದು ಕರೇ ಗಂಡು;
ಕೊಂಬ ಹೊತ್ತು ನಿಂತಿರತಿತ್ತು
ಪಂಚರಾಗಿನ ಹಿರ್ಯಾನಂಗ.
ಅವಕ್ಕ ನಾವೇನೂ ಹಾಕೂದಿಲ್ಲ, ಕರೀದನ ಬಂದು
ಕಡ್ಲಿ ಕುಡಿ ಮೇದು ಹೋಗತಾವು.
"ಕುಡಿ ಚಿವುಟಿದ್ರ ಕಡ್ಲಿ ಹಬ್ಬತೈತಿ," ಅಂತಾಳ ಗುರುಬಾಯಿ,
"ನಮಗ ಆಳಿನ ಕೂಲಿ ಉಳೀತು."
ಹಂಗಂದು ಮತ್ತ ಕಲ್ಲ ತಗೊಂಡು ಓಡತಾಳ.

ಎಳ್ಳ ಅಮಾಸಿಗೆ ಚರಗ ಚೆಲ್ಲಿದ್ರು.
ನಾನು ಕಟ್ಟಿಮ್ಯಾಲೆ, ಅವರು ಹೊಲದಾಗ.
ಮುಂದ ಗುರುಬಾಯಿ, ಹಿಂದ ನೀರ ಚಿಮುಕಿಸ್ಕೊಂತ ಮಗ ರೇವಣ್ಯಾ.
"ಹುಲ್ಲುಲ್ಲಿಗೋ" ಅಂದ್ರ ಒಬ್ರು
"ಚಳ್ಳಂಬ್ರಿಗೋ" ಅಂತ ಇನ್ನೊಬ್ರು.
ಸಜ್ಜಿ ರೊಟ್ಟಿ ಚೂರು, ಕಡಬು, ಪುಂಡಿಪಲ್ಯ,
ಶೇಂಗಾ ಹೋಳಿಗಿ ಮುರಕ,
ಬೆಳಿ ನಡುವ ಬಿದ್ದು ಕಾಣಲಾರದಂಗಾತು.
ಸಣ್ಣಂವಿದ್ದಾಗ ಕೇಳಿದ್ದೆ, ಇದನ್ನ ಯಾರು ತಿಂತಾರು?
"ನೆಲದವ್ವ ಬಸರಿ. ಆಕಿ ಬಯಕಿ," ಅಂದಿದ್ಲು ಅವ್ವ.
ಈಗ ಕಾಲ ಮುರದೈತಿ, ಹೊತ್ತ ಹೋಗವಲ್ದು.
ನೋಡೇ ಬಿಡೂಣು ಅಂತ ಕೌದಿ ಹೊತ್ತು ಕುಂತೆ.

ಅಮಾಸಿ ಕತ್ತಲಿ. ಚಳಿ ಹೆಂಗಿತ್ತಂದ್ರ
ಪಟ್ಟಿಯೊಳಗಿನ ಎಲುಬು ನನ್ನ ಬಿಟ್ಟು
ತನ್ನಷ್ಟಕ ತಾನ ನಡಗತಿತ್ತು.
ಕಡ್ಲಿಯೊಳಗ ಏನೋ ಸರದಾಡಿತು,
ಏನೋ ಅಗದಂಗಾತು.
ಬ್ಯಾಟರಿ ಹಚ್ಚಲೋ ಬ್ಯಾಡೋ;
ಉಣ್ಣಾವ್ರ ಮಾರಿಗೆ ಬೆಳಕ ಬಿಡಬಾರದು ಅನಿಸ್ತು.
ಅನಸೂದ್ರಾಗ ನಿದ್ದಿ ಹತ್ತಿತ್ತು.

ಮುಂಜಾನೆ ಗುರುಬಾಯಿ ಕರದ್ಲು.
ಕಡ್ಲಿ ಮ್ಯಾಲೆ ರಾತ್ರಿ ಹಾಸಿದ ಬಿಳೇ ಧೋತರ
ಮಂಜಿನ ಜೋಡಿ ಹುಳಿ ಹೀರಿ ತೊಯ್ದಿತ್ತು;
ಹೊಟ್ಟಿನೋವಿಗಂತ ವರ್ಷಾ ಹಿಂಡಿ ಬಾಟ್ಲಿ ತುಂಬತಾಳ.
ಇವತ್ತ ಅರ್ಧ ಜಾರಿ ಸಾಲಿನ್ಯಾಗ ಬಿದ್ದಿತ್ತು,
ಬಿದ್ದ ಕಡೆ ಎರಿಮಣ್ಣಿನ ಹೆಜ್ಜಿ.
ಎತ್ತಿ ಹಿಡದು ಓದಿದ್ಲು, ಸಾಲಿ ಕಲೀಲಾರದಾಕಿ:
"ಇದು ಮುಂಗಸಿ. ಇದು ಮೊಲ.
ಇದು ಬೆಕ್ಕು, ನಮ್ಮದಲ್ಲ."
ಆಮ್ಯಾಲೆ ಸುಮ್ಮನಾದ್ಲು.
ನಾಕನೇದ್ದು ನರಿ. ಮೂರು ಪಾದ ಗಟ್ಟಿ ಊರಿತ್ತು,
ಒಂದು ಮಾತ್ರ ಗೀರು ಎಳದಂಗ.
ಆಕಿ ನನ್ನ ಕಾಲ ನೋಡಲಿಲ್ಲ. ನಾನೂ ನೋಡಲಿಲ್ಲ.

ಅವತ್ತಿನಿಂದ ಉಣ್ಣಾಕ ಕುಂತಾಗ ಒಂದು ರೊಟ್ಟಿ
ಕೌದಿಯೊಳಗ ಹೋಗಿ, ಕತ್ತಲಾದ ಮ್ಯಾಲೆ
ಕಿಡಕಿಯಿಂದ ಕಡ್ಲಿ ಸಾಲಿಗೆ ಹಾರತಿತ್ತು.
ಎಂಟನೇ ದಿನ ಕಂಡೆ.
ಕಸಬರಿಗಿಯಂಥಾ ಬಾಲ, ಒಂದು ಮುಂಗಾಲ ಮಡಚಿ
ಮೂರರ ಮ್ಯಾಲೆ ಕುಣದಂಗ ಬಂತು.
ರೊಟ್ಟಿ ಕಚ್ಚಿ ಓಡತೈತಿ ಅಂತಿದ್ದೆ;
ಓಡಲಿಲ್ಲ, ಅಲ್ಲೇ ಕುಂತು ತಿಂತು.
ಕಟಕ ರೊಟ್ಟಿ ಸಪ್ಪಳ
ಯಾರ ಹಲ್ಲಾಗಾದ್ರೂ ಒಂದ ನೋಡ್ರಿ.

ಸಂಕ್ರಮಣ ಆಗಿ ನಾಕ ದಿನಕ್ಕ ಲಾಳಸಾಬ ಬಂದ.
ದಡ್ಡಿಯಾಗಿನ ಮರಿ ಒಂದು ಇಲ್ಲ, ಮೂರ ದಿನದ್ದು.
"ಕಾಕಾ, ಹಗಲಿರುಳು ಇಲ್ಲೇ ಕುಂತೀರಿ,
ಏನರ ಅಡ್ಡಾಡಿದ್ದು ಕಂಡ್ರ್ಯಾ?"
"ಇಲ್ಲೋ ತಮ್ಮಾ," ಅಂದೆ.
ಚಾ ಕುಡದು, ಕಪ್ಪ ತಾನ ತೊಳದಿಟ್ಟು ಹೋದ.

ಆ ರಾತ್ರಿ ರೊಟ್ಟಿ ಒಗೀಲಿಲ್ಲ.
ಅದು ಬಂತು. ಕಿಡಕಿ ಕಡೆ ನೋಡಿತು.
ಕುಂತಿತ್ತು ಭಾಳ ಹೊತ್ತು.
ಗುರುಬಾಯಿ ಒಲಿ ಮುಂದಿಂದ, ಇತ್ತ ತಿರಗದನ:
"ಎಷ್ಟ ಉಂಡ್ರಿ?"
"ನಾಕು."
"ದಿನಾ ಮೂರು ಉಂಡು ನಾಕಂತಿದ್ರಿ.
ಇವತ್ತ ಖರೇನ ನಾಕಾ?"

ಪಟ್ಟಿ ಕೊಯ್ದಾಗ ಒಳಗಿನ ಕಾಲು
ಯಾರದೋ ಅನ್ನೂವಂಗಿತ್ತು, ಸಣಕಲ, ಬೆಳ್ಳಗ.
ಕಡ್ಲಿ ಕಿತ್ತು ರಾಶಿ ಮುಗದಿತ್ತು.
ಹುಳಿ ಬಾಟ್ಲಿ ಗೂಡಿನ್ಯಾಗೈತಿ.
ಧೋತರ ಎಷ್ಟ ಒಗದ್ರೂ ಆ ಒಂದು ಗೀರು ಹೋಗಿಲ್ಲ.
ಕುಂಟಕೊಂತ ಹೋಗಿ ಲಾಳಸಾಬಗ
ಒಂದು ಚೀಲ ಕಡ್ಲಿ ಇಳಿಸಿ ಬಂದೆ.
"ಇದ್ಯಾಕ್ರಿ ಕಾಕಾ?"
"ಹಬ್ಬಿತ್ತು ಈ ವರ್ಷ," ಅಂದೆ.