ಹೇಗೆ ಎದ್ದಿರಿ

ನಮ್ಮಲ್ಲಿ ಬೆಳಗಿನ ನಮಸ್ಕಾರ ಒಂದು ಪ್ರಶ್ನೆ:
ಮ್ವಾವುಕ ಬ್ವಾಂಜಿ, ಹೇಗೆ ಎದ್ದಿರಿ?
ಐದು ಗಂಟೆಗೆ, ಲಾಂದ್ರದ ಮಬ್ಬಿನಲ್ಲಿ,
ಕಂಬಳಿ ಹೊದ್ದು ಬಂದ ಆರು ಮಂದಿಗೂ ಕೇಳಿದೆ.
ಚೆನ್ನಾಗಿ, ಚೆನ್ನಾಗಿ ಎಂದರು ಆಕಳಿಸುತ್ತ.
ನೀನು ಹೇಗೆ ಎದ್ದೆ, ತಿಸೌಕೆ?
ಕೇಳಿದ್ದು ಹಳದಿ ಟೊಪ್ಪಿಯ ಅಜ್ಜಿ.

ಮಲಗಿದವರಲ್ಲವೆ ಏಳುವುದು.
ಚೆನ್ನಾಗಿ, ಅಂದೆ.

ಗಾಡಿ ಹೊರಡುವ ಮುಂಚೆ ನಿಯಮ ಓದಬೇಕು:
ಎದ್ದು ನಿಲ್ಲಬಾರದು, ಕೂಗಬಾರದು, ಕೈ ಚಾಚಬಾರದು.
ರಾತ್ರಿಯಿಡೀ ಅವ್ವನ ಮೆಕ್ಕೆಜೋಳದ ನಡುವೆ
ಎದ್ದು ನಿಂತು, ಕೂಗಿ,
ಚಾಚಿದ ಕೈಯಲ್ಲಿ ತಗಡು ಬಡಿದು
ಗಂಟಲು ಇನ್ನೂ ಒಡೆದೇ ಇತ್ತು.
ನೆಗಡಿಯಾ, ಎಂದು ಯಾರೋ ಗುಳಿಗೆ ಕೊಟ್ಟರು.
ನುಂಗಿದೆ. ಬೇಡವೆನ್ನುವುದು ಮರ್ಯಾದೆಯಲ್ಲ.

ಲುವಾಂಗ್ವಾ ನದಿಯ ಮೇಲೆ ಬಿಳಿ ಆವಿ.
ನೀರಾನೆಗಳು ರಾತ್ರಿಪಾಳಿ ಮುಗಿಸಿ
ಒಂದೊಂದೇ ನೀರಿಗಿಳಿಯುತ್ತಿದ್ದವು,
ಇನ್ನು ಸಂಜೆಯವರೆಗೆ ನಿದ್ದೆ.
ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮೀನುಗಿಡುಗ ತೋರಿಸಿದೆ. ಪುಕು ಜಿಂಕೆ ತೋರಿಸಿದೆ.
ಮೊಪಾನೆಯ ಎಲೆ ಚಿಟ್ಟೆಯ ರೆಕ್ಕೆಯಂತೆ
ಬಿಸಿಲಿಗೆ ಮಡಚಿಕೊಳ್ಳುವುದನ್ನು ಹೇಳಿದೆ.
ಉದ್ದ ಕ್ಯಾಮೆರಾದವನು ಗಾಜು ಒರೆಸುತ್ತಲೇ ಇದ್ದ:
ಸಿಂಹ?
ನೋಡೋಣ.
ಈ ಎರಡು ಮಾತು ಇಪ್ಪತ್ತು ಸಲ ಆಯಿತು.

ತಿರುವಿನಲ್ಲಿ ಜೆಬ್ರಾನ್ ಬೆರಳೆತ್ತಿದ.
ದಾರಿಯ ಮಧ್ಯೆ ಲದ್ದಿ, ಹೊಗೆಯಾಡುತ್ತಿತ್ತು.
ಇಳಿದು, ವಾಡಿಕೆಯಂತೆ ಒಡೆದು ತೋರಿಸಿದೆ:
ಇದು ತೊಗಟೆ, ಇದು ಹುಲ್ಲಿನ ನಾರು, ಇದು...
ಹಳದಿ ಕಾಳುಗಳು. ಹಲ್ಲಿನಂತೆ ಸಾಲಾಗಿ, ಇಡಿಯಾಗಿ.

ಕಾಡಿನಲ್ಲಿ ಜೋಳ ಬೆಳೆಯುತ್ತದೆಯೆ? ಎಂದರು ಅಜ್ಜಿ.
ಜೆಬ್ರಾನ್ ಚಹಾದ ಫ್ಲಾಸ್ಕಿನ ಮುಚ್ಚಳ
ಬಿಗಿಯಾಗಿದ್ದುದನ್ನೇ ಮತ್ತೆ ಬಿಗಿಮಾಡಿದ.

ಎಡಗಿವಿ ಹರಿದ ಸಲಗ,
ಹುಣಸೆಮರದ ಕೆಳಗೆ ನಿಂತಿದ್ದ,
ಉಂಡು ಕೈತೊಳೆದ ಮನೆಯ ಯಜಮಾನನಂತೆ.
ನಮ್ಮೂರಿನವರು ಅವನನ್ನು ಮ್ಲೆಂಡೊ ಎನ್ನುತ್ತೇವೆ.
ಅತಿಥಿ.
ಈ ಆರು ಮಂದಿಗೂ ಅದೇ ಪದ, ಬಹುವಚನದಲ್ಲಿ.
ಇವರಿಂದ ಬಂದ ಸಂಬಳದಲ್ಲಿ
ಅವನು ತಿಂದ ಹಿಟ್ಟನ್ನು ಮತ್ತೆ ಕೊಳ್ಳುತ್ತೇನೆ.
ನನ್ನ ಎದೆಯ ಬಿಲ್ಲೆಯ ಮೇಲೆ ಬರೆದಿದೆ ಮನೆತನದ ಹೆಸರು, ನ್ಜೋವು,
ಆನೆ ಎಂದೇ ಅರ್ಥ.
ಹಾಗಾಗಿ ನಮ್ಮದು ದಾಯಾದಿ ಜಗಳ, ಹೊಲದ್ದು.

ಎಷ್ಟು ಚೆಂದ, ಎಂದರು ಹಿಂದಿನ ಸಾಲಿನಲ್ಲಿ.
ನಿಜ, ಚೆಂದವೇ.
ಕತ್ತಲಲ್ಲಿ ಅದು ಕಾಣುವುದಿಲ್ಲ.
ಕತ್ತಲಲ್ಲಿ ಕೇಳುವುದು ದಂಟು ಮುರಿಯುವ ಸದ್ದು,
ಪಕ್ಕದ ಹೊಲದಿಂದ ಮೈಲೇಸಿಯ ಮಗು ಅಳುವುದು.

ಅವನು ಸೊಂಡಿಲೆತ್ತಿದ.
ಗಾಳಿ ನನ್ನ ಕಡೆಯಿಂದ ಬೀಸುತ್ತಿತ್ತು.
ಎರಡು ಸಲ ತಲೆ ತೊಳೆದಿದ್ದೆ,
ಆದರೂ ಮೆಣಸಿನಕಾಯಿ ಹೊಗೆ ಕೂದಲು ಬಿಟ್ಟಿರಲಿಲ್ಲ.
ಅಷ್ಟು ದೊಡ್ಡ ದೇಹ
ಒಂದು ಹೆಜ್ಜೆ ಹಿಂದೆ ಸರಿಯಿತು.
ಎಂಜಿನ್‌ಗೆ ಬೆದರಿತು, ಎಂದ ಕ್ಯಾಮೆರಾದವನು.
ಎಂಜಿನ್ ಆಫ್ ಮಾಡಿ ಹತ್ತು ನಿಮಿಷವಾಗಿತ್ತು.

ನಿನ್ನ ಪರಿಚಯ ಇದೆ ಅವನಿಗೆ, ಎಂದರು ಅಜ್ಜಿ, ಮೆಲ್ಲಗೆ.
ಇದೆ.
ಅದಕ್ಕಿಂತ ಹೆಚ್ಚು ಹೇಳಬಾರದು ಎಂದೇನೂ
ನಿಯಮದ ಪಟ್ಟಿಯಲ್ಲಿಲ್ಲ. ಆದರೂ ಹೇಳಲಿಲ್ಲ.

ಸಿಂಹ ಕಾಣಲಿಲ್ಲ. ಬಿಸಿಲೇರಿತು, ಕಂಬಳಿಗಳು ಕಳಚಿದವು.
ಹಿಂದಿರುಗುವಾಗ ಅದೇ ತಿರುವಿನಲ್ಲಿ ನಿಲ್ಲಿಸಿ
ಸೀಟಿನ ಅಡಿಯ ಗೋಣಿಚೀಲ ಎಳೆದು
ಎರಡೂ ಕೈಯಿಂದ ಲದ್ದಿ ತುಂಬಿದೆ.
ಗೊಬ್ಬರಕ್ಕಾ? ಎಂದ ಯಾರೋ.
ಹೂಂ, ಅಂದೆ.

ಒಣಮೆಣಸು ಕುಟ್ಟಿ ಕಲಸಿ, ಇಟ್ಟಿಗೆ ತಟ್ಟಿ
ಸಂಜೆ ಹೊಲದ ಅಂಚಿಗೆ ಕೆಂಡ ಇಡಬೇಕು.
ಅವನಿಂದಲೇ ಪಡೆದದ್ದು, ಅವನಿಗೇ ಹೊಗೆ.

ಚೀಲ ಇನ್ನೂ ಬೆಚ್ಚಗಿತ್ತು.
ಎಲ್ಲಿಡಲಿ ಎಂದು ನೋಡುತ್ತಿದ್ದಾಗ
ಹಳದಿ ಟೊಪ್ಪಿಯ ಅಜ್ಜಿ ಏನೂ ಕೇಳದೆ
ತಮ್ಮ ಎರಡೂ ಪಾದ ಒಂದು ಬದಿಗೆ ಸರಿಸಿಕೊಂಡರು.